ನಮ್ಮೂರ ಬೋರ್ ನೀರಲ್ಲಿ ಫ್ಲೋರೈಡ್ 2.8 ಬಂದಿದೆ, ಮುಂದೇನು ಮಾಡೋಣ?

ಪಾವಗಡ_ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕಿನ ಸಣ್ಣ ಊರು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಮಾಡೋದು ಹೇಳಿಕೊಡುತ್ತಾರೆ. ನಮ್ಮೂರಿಂದ ಹೋದವರಲ್ಲಿ ನಾನೂ ಒಬ್ಬಳು. ಕಿಟ್ ಮಾತ್ರ ಬಹಳ ದಿನ ಪಂಚಾಯ್ತಿ ಬೀರುವಿನಲ್ಲೇ ಇತ್ತು, ಕೇಳಿ ಕೇಳಿ ಈಚೆಗೆ ಈಸಿಕೊಂಡು ಬಂದೆವು.

ಶಾಲೆ ಜಗಲಿ ಮೇಲೆ ಕೂತು ಊರಿನ ಮೂರೂ ಬೋರಿನ ನೀರು ನೋಡಿದೆವು. ಫ್ಲೋರೈಡ್ ಬಾಟಲಿಯಿಂದ ಹನಿ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ಬರುತ್ತದೆ, ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಅದು ಹಳದಿ ಕಡೆ ತಿರುಗುತ್ತದೆ. ಶಾಲೆ ಹಿಂದಿನ ಹಳೇ ಬೋರಿನ ನೀರು ಗುಲಾಬಿಯಾಗೇ ನಿಂತಿತು. ಕೆರೆ ಅಂಗಳದ್ದು ಸ್ವಲ್ಪ ಕಿತ್ತಳೆ. ಗುಡ್ಡದ ಕಡೆ ಕೊರೆಸಿದ ಹೊಸ ಬೋರಿನದು ಪೂರ್ತಿ ಹಳದಿ. ಓವರ್‌ಹೆಡ್ ಟ್ಯಾಂಕಿಗೆ ಏರೋದು, ಮನೆ ಮನೆ ನಲ್ಲಿಗೆ ಬರೋದು ಈ ಹೊಸ ಬೋರಿನ ನೀರೇ.

ಅದನ್ನೇ ಕ್ಯಾನಲ್ಲಿ ತುಂಬಿಸಿ ಲ್ಯಾಬಿಗೆ ಕಳಿಸಿದೆವು. ಲೀಟರಿಗೆ 2.8 ಮಿಲಿಗ್ರಾಂ ಅಂತ ರಿಪೋರ್ಟ್ ಬಂತು. ಸರ್ಕಾರದ ಮಾನದಂಡ 1, ಬೇರೆ ನೀರಿನ ಮೂಲವೇ ಇಲ್ಲದ ಕಡೆ ಹೆಚ್ಚೆಂದರೆ 1.5. ಅದಕ್ಕಿಂತ ಜಾಸ್ತಿ ಇರೋ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತೆ.

ನನಗೆ ಸಂಕಟ ಆಗೋದು ಯಾಕೆ ಗೊತ್ತಾ? ಊರವರೆಲ್ಲ ಮೆಚ್ಚೋದು ಈ ಹೊಸ ಬೋರಿನ ನೀರನ್ನೇ. ಬೇಳೆ ಬೇಗ ಬೇಯುತ್ತೆ, ಸೋಪು ಚೆನ್ನಾಗಿ ನೊರೆ ಬರುತ್ತೆ, ಪಾತ್ರೆಗೆ ಬಿಳಿ ಕರೆ ಕಟ್ಟಲ್ಲ, ಕುಡಿದರೆ ಬಾಯಿಗೆ ಹಿತ. ಹಳೇ ಬೋರು ಗಡಸು ನೀರು ಅಂತ ದನದ ತೊಟ್ಟಿಗೆ ಬಿಟ್ಟಿದ್ದೇವೆ. ಅಂದರೆ ಒಳ್ಳೆ ನೀರು ದನಕ್ಕೆ, ಕೆಟ್ಟ ನೀರು ಮಕ್ಕಳಿಗೆ.

ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್. ಓಡಿದರೆ ಓಡುತ್ತೆ, ನಿಂತರೆ ತಿಂಗಳುಗಟ್ಟಲೆ ನಿಲ್ಲುತ್ತೆ. ಈಗ ನಿಂತಿದೆ. ಕೇಳಿದರೆ ಟೆಂಡರ್ ಆಗಬೇಕು ಅನ್ನುತ್ತಾರೆ.

ನನಗೆ ಅನ್ನಿಸಿರೋದು ಒಂದೇ. ಈ ರಿಪೋರ್ಟು ಯಾರದೋ ಫೈಲಲ್ಲಿ ಕೂರಬಾರದು. ಯಾವ ಬೋರಲ್ಲಿ ಎಷ್ಟಿದೆ ಅಂತ ಟ್ಯಾಂಕಿನ ಕಂಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕು. ನೀರು ಹಿಡಿಯೋ ಪ್ರತಿಯೊಬ್ಬರೂ ಓದಬೇಕು. ನಿಮ್ಮ ಊರುಗಳಲ್ಲಿ ಯಾರಾದರೂ ಇಂಥದ್ದು ಮಾಡಿದ್ದೀರಾ? ತಿಳಿದವರು ಹೇಳಿ.

—

ಲ್ಯಾಬ್_ಕೆಲಸ

ಅಕ್ಕಾ, ಕಿಟ್ಟಲ್ಲಿ ನೋಡಿ ಅಷ್ಟಕ್ಕೇ ಬಿಡದೆ ಲ್ಯಾಬಿಗೂ ಕಳಿಸಿದ್ದೀರಿ, ಅದೇ ಸರಿಯಾದ ಕ್ರಮ. ನಾನು ಬೇರೆ ಜಿಲ್ಲೆಯಲ್ಲಿ ನೀರು ಪರೀಕ್ಷೆ ಮಾಡೋ ಕಡೆ ಕೆಲಸ ಮಾಡುತ್ತೇನೆ, ಗೊತ್ತಿರೋದು ಹೇಳುತ್ತೇನೆ.

ಪಾವಗಡ, ಶಿರಾ, ಬಾಗೇಪಲ್ಲಿ, ಚಳ್ಳಕೆರೆ ಸುತ್ತ ನೆಲದ ಕೆಳಗೆ ಬಹುಪಾಲು ಗ್ರಾನೈಟ್ ಮತ್ತು ನೈಸ್ (gneiss) ಅನ್ನೋ ಬಗೆಯ ಬಂಡೆ. ಆ ಕಲ್ಲಿನ ಕೆಲವು ಖನಿಜಗಳಲ್ಲೇ ಫ್ಲೋರೈಡ್ ಇರುತ್ತದೆ. ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಕಲ್ಲಿನಿಂದ ನೀರಿಗೆ ಇಳಿಯುತ್ತದೆ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದಕ್ಕೆ ಅಂಟಿಕೊಂಡು ತಳ ಸೇರುತ್ತೆ. ಕ್ಯಾಲ್ಸಿಯಂ ಕಮ್ಮಿ ಇದ್ದು ಸೋಡಾ ಅಂಶ ಹೆಚ್ಚಿದ್ದರೆ ನೀರಲ್ಲೇ ಉಳಿಯುತ್ತೆ. ಬೇಳೆ ಬೇಗ ಬೇಯೋದು, ನೊರೆ ಚೆನ್ನಾಗಿ ಬರೋದು ಇಂಥ ಮೆತ್ತನೆ ನೀರಿನಲ್ಲೇ. ಹಾಗಂತ ಮೆತ್ತನೆ ನೀರೆಲ್ಲ ಕೆಟ್ಟದ್ದಲ್ಲ, ಗಡಸು ನೀರೆಲ್ಲ ಒಳ್ಳೆಯದೂ ಅಲ್ಲ. ನಾಲಿಗೆಗೆ ಫ್ಲೋರೈಡ್ ಗೊತ್ತಾಗಲ್ಲ, ಅಷ್ಟೇ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಮ್ಮಿ ಆಗುತ್ತೆ, ಫ್ಲೋರೈಡ್ ಅಷ್ಟೇ ಉಳಿಯುತ್ತೆ, ಹಾಗಾಗಿ ಲೀಟರಿಗೆ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ ಆಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ, ಬ್ಲೀಚಿಂಗ್ ಹಾಕಿದರೂ ಹೋಗಲ್ಲ. ಊರಲ್ಲಿ ಮೊದಲು ಇದನ್ನು ಹೇಳಿ. ಡಾಕ್ಟರು ಕುದಿಸಿ ಕುಡಿಯಿರಿ ಅಂದಿದ್ದಾರೆ ಅಂತ ಎಷ್ಟೋ ಮನೆಯವರು ಇದೇ ನೀರನ್ನು ಕುದಿಸಿ ಮಗುವಿಗೆ ಕೊಡುತ್ತಿರುತ್ತಾರೆ.

ಹಳೇ ಬೋರಿನ ಲ್ಯಾಬ್ ರಿಪೋರ್ಟ್ ಇದೆಯಾ? ಕಿಟ್ಟಲ್ಲಿ ಗುಲಾಬಿ ಬಂದರೆ ಸಾಲದು. ತಿಪ್ಪೆ, ಕಕ್ಕಸು ಗುಂಡಿಯಿಂದ ನೀರಿಗೆ ಇಳಿಯೋ ನೈಟ್ರೇಟ್ ಮತ್ತು ಗಡಸುತನ ನೋಡಲೇಬೇಕು.

—

ಬೆಂಗಳೂರಲ್ಲಿರೋ_ಊರವ

ನಮ್ಮೂರೂ ಆ ಕಡೆಯೇ. ನಾನು ಆನ್‌ಲೈನಲ್ಲಿ ಟಿಡಿಎಸ್ ಪೆನ್ ತರಿಸಿ ಅಮ್ಮನ ಮನೆ ನಲ್ಲಿ ನೀರಿಗೆ ಅದ್ದಿ ನೋಡಿದ್ದೆ. 480 ತೋರಿಸಿತು. 500 ಒಳಗಿದ್ದರೆ ಒಳ್ಳೆ ನೀರು ಅಂತ ಆರ್‌ಒ ಫಿಲ್ಟರ್ ಮಾರೋಕೆ ಬಂದವರೇ ಹೇಳಿದ್ದರು. ಹಾಗಾದರೆ ಅದು ಸೇಫ್ ಅಲ್ವಾ?

—

ಲ್ಯಾಬ್_ಕೆಲಸ

ಅಲ್ಲ ಸಾರ್. ಆ ಪೆನ್ನು ನೀರಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ ಒಟ್ಟು ಲವಣ ಎಷ್ಟಿರಬಹುದು ಅಂತ ಅಂದಾಜು ಹೇಳುತ್ತೆ. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಅಕ್ಕನ ಊರಿನ 2.8 ಮಿಲಿಗ್ರಾಂ ಫ್ಲೋರೈಡ್ 480ರಲ್ಲಿ ಎಲ್ಲಿ ಕಾಣಬೇಕು? ಕಾಲರಾ, ಟೈಫಾಯ್ಡ್ ತರೋ ಸೂಕ್ಷ್ಮಾಣುಗಳಂತೂ ಆ ಪೆನ್ನಿಗೆ ಕಾಣಿಸುವುದೇ ಇಲ್ಲ. ಚರಂಡಿ ನೀರು ಸ್ವಲ್ಪ ಸೇರಿದ್ದರೂ ಟಿಡಿಎಸ್ 300 ತೋರಿಸಬಹುದು. ಆ ನಂಬರ್ ನೋಡಿ ಯಾರೂ ಸಮಾಧಾನ ಮಾಡಿಕೊಳ್ಳಬೇಡಿ, ಗಾಬರಿಯೂ ಬೀಳಬೇಡಿ.

—

ಹೈಸ್ಕೂಲ್_ಮೇಷ್ಟ್ರು

ನಾನು ಇದೇ ಭಾಗದಲ್ಲಿ ಪಾಠ ಮಾಡುತ್ತೇನೆ. ಎಂಟನೇ ಕ್ಲಾಸಿನ ಹೆಣ್ಣುಮಕ್ಕಳು ನಗುವಾಗ ಕೈ ಅಡ್ಡ ಇಡುತ್ತಾರೆ. ಗ್ರೂಪ್ ಫೋಟೋ ತೆಗೆಯುವಾಗ ತುಟಿ ಬಿಗಿ ಹಿಡಿದು ನಿಲ್ಲುತ್ತಾರೆ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಕೆಲವರಿಗೆ ಹಲ್ಲಿನ ಅಂಚು ತಿಂದು ಹೋದ ಹಾಗೆ ಗುಳಿ. ಹೊರಗಿನಿಂದ ಬಂದವರು ಸರಿಯಾಗಿ ಹಲ್ಲುಜ್ಜಲ್ವಾ ಅಂತ ಕೇಳಿಬಿಡುತ್ತಾರೆ. ಆ ಮಕ್ಕಳಿಗೆ ಎಷ್ಟು ನೋವಾಗುತ್ತೆ ನೋಡಿ. ಎಷ್ಟು ಉಜ್ಜಿದರೂ ಅದು ಹೋಗಲ್ಲ, ಕಲೆ ಇರೋದು ಹಲ್ಲಿನ ಮೇಲಲ್ಲ, ಒಳಗೆ.

ನಾನು ಒತ್ತಿ ಹೇಳಬೇಕಾದ್ದು ಅಡುಗೆ ನೀರಿನ ಬಗ್ಗೆ. ಘಟಕ ಓಡುತ್ತಿರೋ ಊರಲ್ಲೂ ಜನ ಕ್ಯಾನ್ ನೀರನ್ನು ಕುಡಿಯೋಕೆ ಮಾತ್ರ ಇಟ್ಟುಕೊಳ್ಳುತ್ತಾರೆ. ಅನ್ನ, ಮುದ್ದೆ, ಸಾರು, ಟೀ ಎಲ್ಲ ನಲ್ಲಿ ನೀರಲ್ಲೇ. ಅನ್ನ ಬೇಯುವಾಗ ಆ ನೀರೆಲ್ಲ ಅಕ್ಕಿಯೇ ಹೀರಿಕೊಳ್ಳುತ್ತೆ. ಮುದ್ದೆ ಎಸರೂ ಅಷ್ಟೇ, ಇಟ್ಟ ನೀರು ಪೂರ್ತಿ ಹಿಟ್ಟಿಗೆ ಹೋಗುತ್ತೆ. ಬಾಯಾರಿಕೆಗೆ ಕುಡಿದದ್ದು ಶುದ್ಧ ನೀರು, ತಟ್ಟೆಯಲ್ಲಿ ಉಂಡದ್ದು ಫ್ಲೋರೈಡ್ ನೀರು. ನಮ್ಮ ಶಾಲೆಯ ಬಿಸಿಯೂಟಕ್ಕೆ ಕ್ಯಾನ್ ನೀರೇ ಬೇಕು ಅಂತ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಪಟ್ಟು ಹಿಡಿದು ಮಾಡಿಸಿದೆವು. ಅಡುಗೆಯವರಿಗೆ ಕ್ಯಾನ್ ಎತ್ತೋ ಕೆಲಸ ಜಾಸ್ತಿ ಆಯಿತು. ಅದಕ್ಕೆ ಒಂದು ಗಾಡಿ ಕೊಡಿಸಿದೆವು.

—

ಹೊಲ_ಮನೆ

ಸುಮ್ನೆ ಜನರನ್ನ ಹೆದರಿಸಬೇಡಿ ಅಂತ ನನ್ನ ವಿನಂತಿ. ನಮ್ಮಜ್ಜ ಇದೇ ಊರಿನ ನೀರು ಕುಡಿದು ತೊಂಬತ್ತರ ಹತ್ತಿರ ಬದುಕಿದ. ಕೋಲು ಹಿಡಿದವನಲ್ಲ. ಈಗ ರಿಪೋರ್ಟು ಗೋಡೆ ಮೇಲೆ ಬರೆದರೆ ನಮ್ಮೂರಿಗೆ ಹೆಣ್ಣು ಕೊಡೋಕೆ ಯಾರು ಬರುತ್ತಾರೆ?

—

ಹೈಸ್ಕೂಲ್_ಮೇಷ್ಟ್ರು

ಅಣ್ಣಾ, ನಿಮ್ಮ ಚಿಂತೆ ಅರ್ಥ ಆಗುತ್ತೆ. ಹೆಣ್ಣು ಕೊಡುವ ಮಾತು ಈ ಭಾಗದಲ್ಲಿ ಸುಳ್ಳಲ್ಲ. ಆದರೆ ನಿಮ್ಮಜ್ಜ ಕುಡಿದದ್ದು ಯಾವ ನೀರು ಅಂತ ಯೋಚಿಸಿ. ಆಗ ತೆರೆದ ಬಾವಿ, ಕೆರೆ, ಕಲ್ಯಾಣಿ. ಮಳೆ ಬಿದ್ದು ಇಂಗಿ ಮೇಲ್ಮಟ್ಟದಲ್ಲೇ ಸಿಗುತ್ತಿದ್ದ ನೀರು. ಈಗ ಬಾವಿಗಳಲ್ಲಿ ನೀರಿಲ್ಲ. ಎಂಟುನೂರು, ಸಾವಿರ ಅಡಿ ಕೊರೆದು ಬಂಡೆಯೊಳಗಿನ ನೀರು ಮೇಲೆತ್ತುತ್ತಿದ್ದೇವೆ. ಊರು ಅದೇ ಇರಬಹುದು, ಕುಡಿಯೋ ನೀರು ಅದಲ್ಲ.

ಫ್ಲೋರೈಡಿಂದ ಬರೋ ಈ ಹಲ್ಲು, ಮೂಳೆ ರೋಗಕ್ಕೆ ಫ್ಲೋರೋಸಿಸ್ ಅಂತಾರೆ, ಇದು ಹೊಸದೂ ಅಲ್ಲ. ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ, ಈಗಿನ ಪ್ರಕಾಶಂ ಜಿಲ್ಲೆ. ಹಲ್ಲಿನ ಕಲೆ ಎಲ್ಲರಿಗೂ ಕಾಣುತ್ತಿದೆ, ಬೀಗರಿಗೂ ಕಾಣುತ್ತೆ. ಮುಚ್ಚಿಟ್ಟರೆ ಮುಂದಿನ ಮಕ್ಕಳಿಗೂ ಬರುತ್ತೆ ಅಷ್ಟೇ.

—

ಹಲ್ಲಿನ_ಡಾಕ್ಟ್ರು

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಶಾಶ್ವತ ಹಲ್ಲಿನ ಎನಾಮಲ್ ದವಡೆಯೊಳಗೆ ತಯಾರಾಗೋದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಕಲೆ ಆಗೋದು ಆ ವಯಸ್ಸಿನಲ್ಲೇ. ಆಮೇಲೆ ಈ ನೀರು ಕುಡಿದವರಿಗೆ ಹಲ್ಲಲ್ಲಿ ಹೊಸ ಕಲೆ ಬರಲ್ಲ, ಆದರೆ ಮೂಳೆಯಲ್ಲಿ ಸೇರುತ್ತಾ ಹೋಗುತ್ತೆ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿತ, ಕುತ್ತಿಗೆ ತಿರುಗಿಸೋಕೆ ಆಗದಿರೋದು, ಕುಕ್ಕುರುಗಾಲಲ್ಲಿ ಕೂರೋಕೆ ಕಷ್ಟ, ಇವೆಲ್ಲ ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಊರಲ್ಲಿ ಇದನ್ನು ವಾಯು ಅಂತಲೋ ವಯಸ್ಸಾಯ್ತು ಅಂತಲೋ ಬಿಟ್ಟುಬಿಡುತ್ತಾರೆ. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ನೀರು ಜಾಸ್ತಿ ಕುಡಿಯುತ್ತಾರೆ, ಅವರಿಗೆ ಅಪಾಯವೂ ಜಾಸ್ತಿ. ದಿನಕ್ಕೆ ನಾಲ್ಕು ಲೀಟರ್ ಕುಡಿದರೆ 2.8ರ ಲೆಕ್ಕದಲ್ಲಿ ನೀರೊಂದರಿಂದಲೇ 11 ಮಿಲಿಗ್ರಾಂ ಮೀರುತ್ತೆ.

ಬಂದ ಕಲೆಯನ್ನು ಔಷಧಿಯಿಂದ ತೆಗೆಯೋಕೆ ಆಗಲ್ಲ. ನೀರು ಬದಲಾಯಿಸೋದೇ ದಾರಿ. ಜೊತೆಗೆ ಹಾಲು, ಮೊಸರು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ಮಕ್ಕಳ ಊಟದಲ್ಲಿ ಇರಲಿ. ಕ್ಯಾಲ್ಸಿಯಂ ಚೆನ್ನಾಗಿದ್ದರೆ ಮೈಗೆ ಸೇರುವ ಫ್ಲೋರೈಡ್ ಕಮ್ಮಿ ಆಗುತ್ತೆ. ಕಪ್ಪು ಉಪ್ಪು, ಹಾಲಿಲ್ಲದ ಕಡು ಟೀ ಕಡಿಮೆ ಮಾಡಿ, ಅವುಗಳಲ್ಲೂ ಫ್ಲೋರೈಡ್ ಇದೆ. ಚಿಕ್ಕ ಮಕ್ಕಳು ಪೇಸ್ಟ್ ನುಂಗದ ಹಾಗೆ ನೋಡಿಕೊಳ್ಳಿ.

ಸೊಂಟ, ಮಂಡಿ ನೋವು ಇರೋರು ಸರ್ಕಾರಿ ಆಸ್ಪತ್ರೆಯಲ್ಲಿ ಫ್ಲೋರೋಸಿಸ್ ಇರಬಹುದಾ ಅಂತ ಬಾಯಿಬಿಟ್ಟು ಕೇಳಿ. ಇದಕ್ಕೆ ಅಂತಲೇ 2008-09ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ.

—

ಹಳೇ_ಸದಸ್ಯ

ನಾನು ಒಂದು ಅವಧಿ ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದವನು. ಪಾವಗಡದ ತಂಗಿ, ದುಡ್ಡಿಲ್ಲ ಅಂತ ಯಾರಾದರೂ ಹೇಳಿದರೆ ಸುಮ್ಮನೆ ವಾಪಸ್ ಬರಬೇಡಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಇಂಥದ್ದಕ್ಕೇ ಅಂತ ಕಟ್ಟುಪಾಡು ಹಾಕಿದ ಹಣ ಆಗಿತ್ತು. ಅದರಲ್ಲಿ ಅರ್ಧ, ಅಂದರೆ ಒಟ್ಟು ಹಣದ ನೂರಕ್ಕೆ 30 ಭಾಗ, ಕುಡಿಯೋ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೇ ಹಾಕಬೇಕಿತ್ತು. ಇನ್ನರ್ಧ ನೈರ್ಮಲ್ಯಕ್ಕೆ. 2021ರಿಂದ 26ರ ಅವಧಿಗೆ ಬಂದ ಆ ಹಣ ನಿಮ್ಮೂರಲ್ಲಿ ಎಲ್ಲಿ ಹೋಯಿತು ಅಂತ ಗ್ರಾಮಸಭೆಯಲ್ಲಿ ಲೆಕ್ಕ ಕೇಳಿ. ಸಿಟ್ಟಲ್ಲಿ ಬೇಡ, ಕಾಗದದಲ್ಲಿ ಕೇಳಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿಯೇ ಸಹಿ ಹಾಕಿ. ಅಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ, ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು.

ಘಟಕದ ವಿಷಯ. ಕಟ್ಟೋಕೆ ಎಲ್ಲರೂ ಮುಂದೆ ಬರುತ್ತಾರೆ, ಉದ್ಘಾಟನೆಗೆ ಟೇಪ್ ಕತ್ತರಿಸುತ್ತಾರೆ. ನಡೆಸೋಕೆ ಯಾರೂ ಇಲ್ಲ. ಮರಳು ಫಿಲ್ಟರ್ ಹಿಮ್ಮುಖ ತೊಳೀಬೇಕು, ಕ್ಯಾಂಡಲ್ ಬದಲಾಯಿಸಬೇಕು, ಫ್ಲೋರೈಡ್ ತಡೆಯೋ ಮೆಂಬ್ರೇನ್‌ಗೆ ಆಯಸ್ಸು ಇದೆ. ಮೆಂಬ್ರೇನ್ ಹೋದ ಘಟಕ ನಿಲ್ಲೋದಿಲ್ಲ, ನೀರು ಕೊಡುತ್ತಲೇ ಇರುತ್ತೆ. ಕಾಯಿನ್ ಹಾಕಿದರೆ ಬೋರ್ ನೀರೇ ಬರುತ್ತೆ, ಜನ ಶುದ್ಧ ನೀರು ಅಂದುಕೊಂಡು ಕುಡಿಯುತ್ತಾರೆ. ನಿಂತ ಘಟಕಕ್ಕಿಂತ ಇದು ಅಪಾಯ. ಘಟಕದ ನೀರನ್ನೂ ಕಿಟ್ಟಲ್ಲಿ ನೋಡಿ ತಂಗಿ, ಬರೀ ಬೋರಲ್ಲ.

—

ಬೆಂಗಳೂರಲ್ಲಿರೋ_ಊರವ

ಮನೆ ಮನೆಗೆ ಸಣ್ಣ ಆರ್‌ಒ ಹಾಕಿಸೋದು ಸುಲಭ ಅಲ್ವಾ? ನಾವು ಹೊರಗೆ ಕೆಲಸ ಮಾಡೋ ಊರ ಹುಡುಗರು ಸೇರಿ ದುಡ್ಡು ಹಾಕಬಹುದು.

—

ಹಳೇ_ಸದಸ್ಯ

ಮನಸ್ಸು ದೊಡ್ಡದು ತಮ್ಮಾ. ಆದರೆ ಮನೆ ಆರ್‌ಒ ಒಂದು ಲೀಟರ್ ಒಳ್ಳೆ ನೀರು ಕೊಡೋಕೆ ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತೆ. ಮೂರು ದಿನಕ್ಕೊಮ್ಮೆ ನಲ್ಲಿ ಬರೋ ಊರಲ್ಲಿ ಅದು ಕಷ್ಟ. ಕರೆಂಟು, ಸರ್ವಿಸ್ಸು ಬೇರೆ. ಇರುವವರ ಮನೆಗೆ ಆರ್‌ಒ ಬಂದರೆ ಊರ ಟ್ಯಾಂಕಿನ ಬಗ್ಗೆ ಕೇಳೋ ಗಟ್ಟಿ ದನಿಗಳೆಲ್ಲ ಕಮ್ಮಿ ಆಗಿಬಿಡುತ್ತವೆ. ನಾನು ಕಣ್ಣಾರೆ ನೋಡಿದ್ದೇನೆ. ಅದೇ ದುಡ್ಡಲ್ಲಿ ಊರಿಗೆಲ್ಲ ಆಗೋ ಹಾಗೆ ಏನಾದರೂ ಮಾಡಿ.

—

ಗದಗಿನವ

ನಮ್ಮ ಕಡೆ ಬೋರ್ ಕೊರೆಸಿದರೆ ಸವಳು ನೀರು ರೀ. ಹಿರಿಯರು ಕುಡಿಯೋ ನೀರಿಗೆ ಅಂತಲೇ ಕೆರೆ ಬೇರೆ ಇಟ್ಟಿದ್ದರು, ಅದರೊಳಗೆ ದನ ಇಳಿಸಂಗಿಲ್ಲ, ಬಟ್ಟೆ ಒಗೆಯಂಗಿಲ್ಲ, ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿಯಂಗಿಲ್ಲ.

ಮಳೆನೀರಿನ ಬಗ್ಗೆ ಇಲ್ಲಿ ಯಾರೂ ಮಾತಾಡಲಿಲ್ಲ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲ, ಗಡಸು ಇಲ್ಲ. ಸಚೇತನ ಯೋಜನೆಯಲ್ಲಿ ನಮ್ಮ ಮುಂಡರಗಿ ಕಡೆಗೂ, ನಿಮ್ಮ ಪಾವಗಡ, ಬಾಗೇಪಲ್ಲಿ ಕಡೆಗೂ ಮನೆಗಳಿಗೆ ತೊಟ್ಟಿ ಕಟ್ಟಿಸಿದ್ದರು. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರಿನ ಸಣ್ಣ ಮಾಳಿಗೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂದರೆ 25 ಸಾವಿರ ಲೀಟರ್. ಸೋರಿದ್ದು, ಚೆಲ್ಲಿದ್ದು ಕಳೆದರೂ 20 ಸಾವಿರ ಸಿಗುತ್ತೆ. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಇಟ್ಟರೂ ವರ್ಷಕ್ಕೆ 9 ಸಾವಿರ ಚಿಲ್ಲರೆ. ಬರಗಾಲದಲ್ಲಿ ಅರ್ಧ ಮಳೆ ಆದರೂ ಸಾಕಾಗುತ್ತೆ.

ಮೊದಲ ಮಳೆ ನೀರು ಹಿಡೀಬೇಡಿ, ಮಾಳಿಗೆ ತೊಳೆದು ಹೊರಗೆ ಹೋಗಲಿ. ತೊಟ್ಟಿಗೆ ಬೆಳಕು ಬೀಳಬಾರದು, ಸೊಳ್ಳೆ ಹೋಗಬಾರದು. ಕೊಡ ಅದ್ದಬೇಡಿ, ಕೈಪಂಪು ಇಲ್ಲವೇ ನಲ್ಲಿ ಇಡಿ. ನಮ್ಮ ಮನೆಯಲ್ಲಿ ಮಣ್ಣಿನ ಮಾಳಿಗೆ ಇದ್ದಾಗ ಇದು ಆಗುತ್ತಿರಲಿಲ್ಲ, ಆರ್‌ಸಿಸಿ ಹಾಕಿಸಿದ ಮೇಲೆ ತೊಟ್ಟಿ ಕಟ್ಟಿಸಿದೆವು. ನಮ್ಮವ್ವ ಈಗ ಚಹಾಕ್ಕೆ ಬೇರೆ ನೀರು ಮುಟ್ಟಂಗಿಲ್ಲ.

—

ಕರಾವಳಿ_ಬಾವಿ

ಉಡುಪಿ ಕಡೆಯಿಂದ. ನಮಗೆ ಫ್ಲೋರೈಡ್ ತೊಂದರೆ ಇಲ್ಲ, ಮನೆಗೊಂದು ಬಾವಿ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಓಡುತ್ತೆ, ಕಕ್ಕಸು ಗುಂಡಿಯದೂ ಓಡುತ್ತೆ. ಬಾವಿ ನೀರು ಕನ್ನಡಿ ಹಾಗೆ ಕಾಣುತ್ತೆ, ಆದರೆ ಮಳೆಗಾಲದಲ್ಲಿ ಎಚ್‌ಟುಎಸ್ ಬಾಟಲಿಯಲ್ಲಿ ತುಂಬಿಸಿಟ್ಟರೆ ಮಾರನೇ ದಿನಕ್ಕೆ ಕಪ್ಪಾಗುತ್ತೆ. ಕಪ್ಪಾದರೆ ಮಲದ ಸೋಂಕು ಇದೆ ಅಂತ ಲೆಕ್ಕ. ಅಗ್ಗದ ಬಾಟಲಿ ಅದು, ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತೆ. ಗುಂಡಿಗೂ ಬಾವಿಗೂ ಕನಿಷ್ಠ 50 ಅಡಿ ಇರಲಿ ಅಂತ ನಾವು ಹೇಳುತ್ತೇವೆ. ಐದು ಸೆಂಟ್ಸ್ ಜಾಗದಲ್ಲಿ ಅದು ಎಲ್ಲಿಂದ ಬರಬೇಕು. ಹಾಗಾಗಿ ಕುದಿಸಿಯೇ ಕುಡಿಯೋದು. ನಿಮಗೆ ಕುದಿಸಬೇಡಿ ಅಂತಾರೆ, ನಮಗೆ ಕುದಿಸಿ ಅಂತಾರೆ. ಎರಡೂ ಸರಿ, ಕಾಯಿಲೆ ಬೇರೆ ಬೇರೆ. ಅದಕ್ಕೇ ಪರೀಕ್ಷೆ ಮಾಡದೆ ಸಲಹೆ ಕೊಡಬಾರದು.

—

ಹೊಲ_ಮನೆ

ತುಂಗಭದ್ರಾ ಹಿನ್ನೀರು ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು ಕಡೆಗೆ ತರೋ ಯೋಜನೆ ಇದೆಯಲ್ಲ. ನದಿ ನೀರು ಬಂದ ಮೇಲೆ ಇಷ್ಟೆಲ್ಲ ಒದ್ದಾಟ ಯಾಕೆ?

—

ನೀರುಗಂಟಿ

ನಾನು ನೀರು ಬಿಡೋನು, ಹಾಗಾಗಿ ನನ್ನದೂ ಒಂದು ಮಾತು. ನದಿ ನೀರು ಬಂದರೆ ಫ್ಲೋರೈಡ್ ಚಿಂತೆ ಹೋಗುತ್ತೆ, ನಿಜ. ಆದರೆ ನಮ್ಮ ಪಕ್ಕದೂರಲ್ಲಿ ನದಿ ನೀರು ವಾರದಲ್ಲಿ ಕೆಲವು ದಿನ ಬರುತ್ತೆ, ಮಿಕ್ಕ ದಿನ ಅದೇ ಟ್ಯಾಂಕಿಗೆ ಬೋರ್ ನೀರು ಏರಿಸುತ್ತಾರೆ. ಜನರಿಗೆ ಯಾವ ದಿನ ಯಾವ ನೀರು ಅಂತ ಗೊತ್ತಿಲ್ಲ. ಎರಡನೆಯದು, ದೂರದಿಂದ ಪೈಪಲ್ಲಿ ಬರೋ ನೀರಿಗೆ ಕ್ಲೋರಿನ್ ಸರಿಯಾಗಿ ಇರಬೇಕು. ಪೈಪು ಎಲ್ಲೋ ಒಡೆದು ಚರಂಡಿ ಪಕ್ಕ ಸೋರುತ್ತಿದ್ದರೆ, ನೀರು ನಿಲ್ಲಿಸಿದಾಗ ಆ ಕೊಳಕು ಒಳಗೆ ಎಳೆದುಕೊಳ್ಳುತ್ತೆ. ವಾಂತಿ ಭೇದಿ ಶುರು ಆಗೋದು ಹಾಗೇ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದು ನೆನಪಾದರೆ ನನಗೆ ಈಗಲೂ ರಾತ್ರಿ ನಿದ್ದೆ ಬರಲ್ಲ. ಯಾಕೆಂದರೆ ವಾಲ್ವ್ ತಿರುಗಿಸೋ ಕೈ ನಮ್ಮದು.

ಬ್ಲೀಚಿಂಗ್ ಹಾಕೋ ಕ್ರಮ ಹೇಳುತ್ತೇನೆ, ಹೊಸ ಹುಡುಗರಿಗೆ ಯಾರೂ ಹೇಳಿಕೊಡಲ್ಲ. ಒಳ್ಳೆ ಪುಡಿ ಆದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. 50 ಸಾವಿರ ಲೀಟರ್ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ನೇರ ಟ್ಯಾಂಕಿಗೆ ಸುರೀಬಾರದು. ಪ್ಲಾಸ್ಟಿಕ್ ಬಕೆಟಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಕೆಟ್ ತುಂಬಿಸಿ, ಸುಣ್ಣ ತಳಕ್ಕೆ ಕೂರೋವರೆಗೆ ಹತ್ತು ನಿಮಿಷ ಬಿಡಬೇಕು. ಮೇಲಿನ ತಿಳಿ ನೀರು ಮಾತ್ರ ಟ್ಯಾಂಕಿಗೆ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಕೊನೇ ಮನೆ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ತೋರಿಸಬೇಕು, ಟ್ಯಾಂಕಿನ ಬುಡದಲ್ಲಿ ನೋಡಿದರೆ ಪ್ರಯೋಜನ ಇಲ್ಲ. ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ತ ಪುಡಿ, ವಾಸನೆ ಹೋಗಿದ್ದರೆ ಶಕ್ತಿ ಹೋಗಿದೆ ಅಂತ.

ಟ್ಯಾಂಕ್ ಒಳಗೆ ಇಳಿದು ಕೆಸರು ಬಳಿಯೋರೂ ನಾವೇ. ಸಂಬಳ ತಿಂಗಳು ತಿಂಗಳು ಬಂದರೆ ಕೆಲಸವೂ ನೆಟ್ಟಗಿರುತ್ತೆ. ಗ್ರಾಮಸಭೆಯಲ್ಲಿ ನೀರಿನ ಬಗ್ಗೆ ಕೇಳುವಾಗ ಅದನ್ನೂ ಒಂದು ಮಾತು ಕೇಳಿ ಅಕ್ಕಾ.

—

ಪಾವಗಡ_ಅಕ್ಕ

ಖಂಡಿತ ಕೇಳುತ್ತೇವೆ ಅಣ್ಣಾ. ನಮ್ಮೂರ ನೀರುಗಂಟಿಗೂ ನಿಮ್ಮ ಬರಹ ಓದಿಸಿದೆ. ತಿಳಿ ನೀರು ಮಾತ್ರ ಹಾಕಬೇಕು ಅನ್ನೋದು ಅವರಿಗೂ ಯಾರೂ ಹೇಳಿರಲಿಲ್ಲವಂತೆ.

ಎಲ್ಲರಿಗೂ ಒಂದು ಸುದ್ದಿ. ಹಳೇ ಬೋರಿನ ಲ್ಯಾಬ್ ರಿಪೋರ್ಟ್ ಬಂತು. ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ: ಫ್ಲೋರೈಡ್ 0.7. ಗಡಸುತನ 480. ಟಿಡಿಎಸ್ 1100. ನೈಟ್ರೇಟ್ 38. ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದನ್ನು ಸಹಿಸಿಕೊಳ್ಳಬಹುದು? ಈ ಬೋರನ್ನು ಕುಡಿಯೋಕೆ, ಅಡುಗೆಗೆ ಮಾತ್ರ ಬಳಸಿ, ಗುಡ್ಡದ ಬೋರನ್ನು ಸ್ನಾನಕ್ಕೆ, ಬಟ್ಟೆಗೆ, ದನಕ್ಕೆ ಬಿಟ್ಟರೆ ಹೇಗೆ ಅಂತ ನಾವು ಐದೂ ಜನ ಮಾತಾಡಿಕೊಂಡಿದ್ದೇವೆ.

—

ಲ್ಯಾಬ್_ಕೆಲಸ

ಅಕ್ಕಾ, ನಿಮ್ಮ ಕೈಯಲ್ಲೇ ಅತ್ಯಂತ ಅಗ್ಗದ ಪರಿಹಾರ ಇದೆ. ಗಡಸುತನ 200ರ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಾಗ 600ರವರೆಗೆ ಒಪ್ಪುತ್ತಾರೆ. ಟಿಡಿಎಸ್ 500, ಇಲ್ಲದಿದ್ದರೆ 2000ದವರೆಗೆ. ಇವೆರಡೂ ಮಿತಿಯೊಳಗಿವೆ. ಬೇಳೆ ಬೇಯೋದು ತಡ ಆಗುತ್ತೆ, ಪಾತ್ರೆಗೆ ಕರೆ ಕಟ್ಟುತ್ತೆ, ಟೀ ರುಚಿ ಬದಲಾಗುತ್ತೆ. ಕಷ್ಟವೇ, ಆದರೆ ಮೂಳೆ ತಿನ್ನಲ್ಲ.

ನೈಟ್ರೇಟ್ ಮೇಲೆ ಮಾತ್ರ ಕಣ್ಣಿಡಬೇಕು. ಮಿತಿ 45, ಅದಕ್ಕೆ ರಿಯಾಯಿತಿ ಇಲ್ಲ. ನಿಮ್ಮದು 38, ಹತ್ತಿರದಲ್ಲೇ ಇದೆ. ಬೋರ್ ಸುತ್ತ ತಿಪ್ಪೆ, ಕಕ್ಕಸು ಗುಂಡಿ, ದನದ ಕೊಟ್ಟಿಗೆಯ ಗಂಜಲ ಹರಿಯೋ ಕಾಲುವೆ ಇದೆಯಾ ನೋಡಿ. ದನದ ತೊಟ್ಟಿ ಅಲ್ಲೇ ಇದೆ ಅಂದಿರಲ್ಲ, ಮೊದಲು ಅದನ್ನು ದೂರ ಹಾಕಿಸಿ. ಬೋರ್ ಬಾಯಿ ಸುತ್ತ ಕಾಂಕ್ರೀಟ್ ಕಟ್ಟೆ ಹಾಕಿಸಿ, ನೀರು ಹೊರಕ್ಕೆ ಜಾರಿ ಹೋಗೋ ಹಾಗೆ. ಆರು ತಿಂಗಳೊಳಗಿನ ಕೂಸಿಗೆ ಬಾಟಲಿ ಹಾಲು ಕಲಸೋಕೆ ಸದ್ಯಕ್ಕೆ ಆ ನೀರು ಬಳಸಬೇಡಿ ಅಂತ ಹೇಳಿ, ಮಳೆಗಾಲದಲ್ಲಿ ಇದು ಏರಬಹುದು. ನೈಟ್ರೇಟ್ ಕೂಡ ಕುದಿಸಿದರೆ ಹೋಗಲ್ಲ.

ಇನ್ನೊಂದು. ರಾಜ್ಯದ ಪೂರ್ವ ಭಾಗದ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಯುರೇನಿಯಂ ಕೂಡ ಮಿತಿ ಮೀರಿ ಸಿಕ್ಕಿದೆ, ಲೀಟರಿಗೆ 30 ಮೈಕ್ರೋಗ್ರಾಂ ಮಿತಿ. ಇದು ಊರಿನ ಕಿಟ್ಟಲ್ಲಿ ಗೊತ್ತಾಗಲ್ಲ. ಆಳದ ಬೋರನ್ನೇ ನಂಬಿರೋ ಊರು ಒಮ್ಮೆಯಾದರೂ ಜಿಲ್ಲಾ ಲ್ಯಾಬಿಗೆ ಕಾಗದ ಬರೆದು ಕೇಳೋದು ಒಳ್ಳೆಯದು.

—

ಬೆಂಗಳೂರಲ್ಲಿರೋ_ಊರವ

ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಬಂದ ಕೊಳವೆ ಬಾವಿಗಳಿಗೆ ಕೆಂಪು ಬಣ್ಣ, ಒಳ್ಳೆಯವಕ್ಕೆ ಹಸಿರು ಬಣ್ಣ ಬಳಿದಿದ್ದರು. ಓದೋಕೆ ಬಾರದವರಿಗೂ ಗೊತ್ತಾಗುತ್ತೆ. ನಿಮ್ಮ ತೊಂಬೆಗಳಿಗೂ ಹಾಗೇ ಮಾಡಬಹುದು ಅಕ್ಕಾ. ಬಣ್ಣ, ಹಳೇ ಬೋರಿಗೆ ಬೇರೆ ಮಿನಿ ಟ್ಯಾಂಕ್, ಪೈಪು, ಇವುಗಳ ಖರ್ಚಿಗೆ ನಮ್ಮ ಹುಡುಗರ ಗುಂಪಿಂದ ನಾನು ದುಡ್ಡು ಎತ್ತಿಸುತ್ತೇನೆ. ನಮ್ಮೂರಿಗೂ ನಿಮ್ಮ ಹಾಗೇ ಪರೀಕ್ಷೆ ಮಾಡಿಸಬೇಕು.

—

ಹಳೇ_ಸದಸ್ಯ

ದುಡ್ಡು ಕೊಡಿ ತಮ್ಮಾ, ಆದರೆ ಮೊದಲು ಪಂಚಾಯ್ತಿ ನಡಾವಳಿಯಲ್ಲಿ ಬರಲಿ. ನೀವು ಕಟ್ಟಿಸಿದ ಟ್ಯಾಂಕು ಪಂಚಾಯ್ತಿ ಲೆಕ್ಕಕ್ಕೆ ಸೇರದಿದ್ದರೆ ನಾಳೆ ಮೋಟರ್ ಸುಟ್ಟಾಗ ರಿಪೇರಿಗೆ ಯಾರೂ ಬರಲ್ಲ.

—

ಹೊಲ_ಮನೆ

ಗೋಡೆ ಮೇಲೆ ಬರೆಯೋದಕ್ಕೆ ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಯಾವ ನೀರು ಕುಡಿಯೋಕೆ, ಯಾವುದು ಬಳಸೋಕೆ ಅಂತ ಬಣ್ಣ ಬಳಿಯೋದು ಸರಿ ಅನ್ನಿಸಿತು. ನನ್ನ ಮೊಮ್ಮಗಳಿಗೆ ಈಗ ಎರಡು ವರ್ಷ. ಅವಳಿಗಾದರೂ ಹಲ್ಲು ಚೆನ್ನಾಗಿ ಬರಲಿ.

—

ಪಾವಗಡ_ಅಕ್ಕ

ಅಣ್ಣಾ, ನಿಮ್ಮ ಮಾತು ಓದಿ ಖುಷಿ ಆಯಿತು. ನಂಬರ್ ಬರೆಯೋದನ್ನು ನಾನು ಬಿಡಲ್ಲ. ಬಣ್ಣ ಒಂದು ಸಲ ಬಳಿದರೆ ಹಾಗೇ ಇರುತ್ತೆ, ನೀರು ಹಾಗೇ ಇರಲ್ಲ. ಯಾವ ತಿಂಗಳು ಪರೀಕ್ಷೆ ಆಗಿದೆ ಅಂತ ದಿನಾಂಕದ ಜೊತೆ ಬರೆದರೆ ಮುಂದಿನ ಸಲ ಯಾವಾಗ ಮಾಡಿಸುತ್ತೀರಿ ಅಂತ ಕೇಳೋಕೆ ಜನರಿಗೆ ಆಧಾರ ಸಿಗುತ್ತೆ. ಕಂಬದ ಮೇಲೆ ಬರೆಯೋಕೆ ನಾಲ್ಕೇ ಸಾಲು ಇಟ್ಟುಕೊಂಡಿದ್ದೇವೆ: ಬೋರಿನ ಹೆಸರು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಪರೀಕ್ಷೆ ಆದ ದಿನಾಂಕ. ಕೆಳಗೆ, ಕುಡಿಯಲು ಅಡುಗೆಗೆ ಅಥವಾ ಬಳಕೆಗೆ ಮಾತ್ರ.

ಲ್ಯಾಬ್ ಸಾರ್, ಬ್ಯಾಕ್ಟೀರಿಯಾ ಪರೀಕ್ಷೆಗೂ ಹಳೇ ಬೋರಿನ ನೀರು ಕಳಿಸಬೇಕು ಅಂತಿದ್ದೇವೆ. ಅದೇ ಕ್ಯಾನಲ್ಲಿ ತರಬಹುದಾ?

—

ಲ್ಯಾಬ್_ಕೆಲಸ

ಬೇಡ ಅಕ್ಕಾ. ಕ್ಯಾನ್ ನೀರು ಫ್ಲೋರೈಡ್, ನೈಟ್ರೇಟ್ ನೋಡೋಕೆ ಸಾಕು, ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿಸಬೇಕು. ಬ್ಯಾಕ್ಟೀರಿಯಾಕ್ಕೆ ಲ್ಯಾಬಿನವರೇ ಕೊಡೋ ಸ್ಟೆರೈಲ್ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು, ಕತ್ತಿನವರೆಗೆ ತುಂಬದೆ ಸ್ವಲ್ಪ ಜಾಗ ಬಿಡಬೇಕು. ನಲ್ಲಿ ಬಾಯನ್ನು ಬೆಂಕಿಯಲ್ಲಿ ಸುಟ್ಟು, ಎರಡು ಮೂರು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಿರಿ. ಐಸ್ ಇಟ್ಟ ಡಬ್ಬದಲ್ಲಿ ಆದಷ್ಟು ಬೇಗ ತಲುಪಿಸಿ, 24 ಗಂಟೆ ಮೀರಬಾರದು. ಶನಿವಾರ ಸಂಜೆ ಹಿಡಿದು ಸೋಮವಾರ ತಂದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಹಿಡಿದು ಮೊದಲ ಬಸ್ಸಿಗೇ ಹೊರಡಿ. ಬಾಟಲಿ ಮೇಲೆ ಬೋರಿನ ಹೆಸರು, ಹಿಡಿದ ಹೊತ್ತು ಬರೆಯೋದು ಮರೀಬೇಡಿ.